ಮೂವತ್ತೈದೂವರೆ

ಇಲ್ಲಿ ನಾನು ಮೂರನೇ ಕುರ್ಚಿ.
ಎವುಲಾಲಿಯೊ ಎಂದು ಚೀಟಿಯಲ್ಲಿ ಬರೆದಿದೆ,
ಕರೆಯುವುದು ಮಾತ್ರ ಮೂರು.
ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು
ನನ್ನ ನೆತ್ತರು ಹೊರಗೆ ಹೋಗಿ ತೊಳೆದುಕೊಂಡು ಬರುತ್ತದೆ,
ಬಟ್ಟೆ ಒಗೆಯಲು ಹೊಳೆಗೆ ಹೋದವರ ಹಾಗೆ,
ತಡಮಾಡಿ.

ಹದಿನೇಳು ಸುಗ್ಗಿ ಕಬ್ಬು ಕಡಿದವನು.
ಹಿಂದಿನ ರಾತ್ರಿ ತೋಟಕ್ಕೆ ಬೆಂಕಿ ಇಕ್ಕುತ್ತಿದ್ದರು
ರವದಿ ಸುಟ್ಟು ಜಲ್ಲೆಯಷ್ಟೇ ಉಳಿಯಲೆಂದು.
ಆರದ ಬೂದಿಯಲ್ಲಿ ಕಾಲೂರಿ ಮಚ್ಚು ಬೀಸಿದರೆ
ಮಧ್ಯಾಹ್ನಕ್ಕೆ ಬೆವರೂ ಬತ್ತುತ್ತಿತ್ತು.
ಕೂಲಿ ಟನ್ನಿನ ಲೆಕ್ಕ;
ನೀರಿಗೆ ನಿಂತವನ ಸಾಲು ಹಿಂದೆ ಬೀಳುತ್ತಿತ್ತು.
ಈಗ ನಿಲ್ಲಲು ಹೊತ್ತಿದೆ,
ನೀರಿಗೆ ಅಳತೆ: ದಿನಕ್ಕೆ ಮೂರು ಲೋಟ.

ಮೊದಲ ವರ್ಷ ಯಂತ್ರದ ನೀರು ಮೂವತ್ತೇಳರಲ್ಲಿತ್ತು.
ಹಿತವಾಗಿತ್ತು.
ಮೂರನೇ ತಾಸಿಗೆ ಒಂದು ಆಕಳಿಕೆ,
ಅದರ ಬೆನ್ನಿಗೆ ಇನ್ನೊಂದು. ನಿದ್ದೆಯಲ್ಲ ಅದು.
ಸಿಯೊಮಾರಾ ಎದ್ದು ಬರುವಷ್ಟರಲ್ಲಿ
ಕಣ್ಣಂಚಿನಿಂದ ಬೆಳಕು ಚಾಪೆಯಂತೆ ಸುತ್ತಿಕೊಂಡು
ಮೀನಖಂಡ ಕಲ್ಲಾಗಿ, ಹೊಟ್ಟೆ ಬಾಯಿಗೆ ಬಂದು
‘ಎಂಬತ್ತು, ನಲವತ್ತು!’ ಎಂದು
ಯಾರೋ ಆಚೆ ದಡದಿಂದ ಕೂಗುವುದು.
ಮನೆ ಸೇರಿದ ಮೇಲೆ ಮಾರನೆಯ ಸಂಜೆಯವರೆಗೆ
ಗಾಣದಿಂದ ಹೊರಬಿದ್ದ ಸಿಪ್ಪೆ ನಾನು.

ಒಂದು ದಿನ ಅವಳೇ ಹೇಳಿದಳು:
‘ಮೈ ಬೆಚ್ಚಗಾದರೆ ನಿನ್ನ ನೆತ್ತರು
ಚರ್ಮದ ಜಗಲಿಗೆ ಬಂದು ಕೂತುಬಿಡುತ್ತದೆ ಮಾರಾಯ,
ಒಳಮನೆಯಿಂದ ಗುಂಡಿಗೆ ಎಷ್ಟು ಕರೆದರೂ ಏಳುವುದಿಲ್ಲ.
ಸ್ವಲ್ಪ ಚಳಿ ಬಿಡೋಣ. ಎದ್ದು ಒಳಗೆ ಹೋಗುತ್ತದೆ.’
ಗುಂಡಿ ಒತ್ತಿದಳು. ಮೂವತ್ತೇಳು, ಮೂವತ್ತಾರು,
ಮೂವತ್ತೈದೂವರೆ.

ನಲವತ್ತಾರು ವರ್ಷ ಈ ಬಯಲಲ್ಲಿ ಬದುಕಿದವನಿಗೆ
ಚಳಿ ಎಂದರೆ ಬೇರೆಯವರು ಹೇಳಿದ ಮಾತು.
ಅದು ತೋಳಿನಿಂದ ಒಳಗೆ ಬಂತು,
ಹಲ್ಲುಗಳಿಗೆ ತಮ್ಮತಮ್ಮಲ್ಲೇ ಜಗಳ ಹಚ್ಚಿತು.
ಮಲೇರಿಯಾ ಎಂದು ಹೆದರಿದೆ.
ನಾಲ್ಕನೇ ಕುರ್ಚಿಯ ಫಿಲೊಮೇನಾ ಅಜ್ಜಿ ನಕ್ಕಳು:
‘ನನ್ನದು ಮುಟ್ಟಬೇಡಿ ತಾಯಿ, ಮೂರ್ಛೆ ಹೋದರೂ
ಬೆಚ್ಚಗೇ ಹೋಗುತ್ತೇನೆ.’
ಆದರೆ ಮೂರನೇ ತಾಸು ಬಂತು, ಹೋಯಿತು,
ಆಕಳಿಕೆ ಬರಲಿಲ್ಲ.
ನೂರಾ ಹದಿನೆಂಟು ಎಂದಿತು ಯಂತ್ರ.
ಸಿಯೊಮಾರಾ ಎರಡು ಸಲ ನೋಡಿದಳು.

ಅಂದು ಬಸ್ಸಿನವರೆಗೆ ನನ್ನ ಕಾಲಲ್ಲೇ ನಡೆದೆ.
ಹಿಂದೆ ನೂಬಿಯಾ, ಕೈ ಚಾಚಿಕೊಂಡೇ, ಮುಟ್ಟದೆ.
ಮುಂದಿನ ವಾರ ಹಿನೊತೇಗಾ ಬೆಟ್ಟದ ಕಡೆಯಿಂದ
ಉಣ್ಣೆಯ ಕಂಬಳಿ ತರಿಸಿದಳು.
ನಮ್ಮ ಕೇರಿಯಲ್ಲಿ ಅದೊಂದೇ ಇರುವುದು,
ಮಕ್ಕಳು ಮುಟ್ಟಿ ನೋಡಲು ಬರುತ್ತಾರೆ.

ಈಗಲೂ ಕೆಲವು ದಿನ ಚೌಕಾಸಿ ಮಾಡುತ್ತೇನೆ.
ಕಾಲು ಡಿಗ್ರಿ ಏರಿಸು ಎಂದರೆ
ಕಾಲು ಮಡಚು, ಕಂಬಳಿ ಎಳೆದುಕೋ ಎನ್ನುತ್ತಾಳೆ.
ಔಸೆನ್ಸಿಯೊಗೆ ಹೇಳಬೇಕಿತ್ತು ಇದನ್ನು,
ನನ್ನ ಪಕ್ಕದ ಸಾಲಲ್ಲೇ ಕಡಿಯುತ್ತಿದ್ದವನು, ಇಲ್ಲೂ ಐದನೇ ಕುರ್ಚಿ.
ಅವನ ಕಾಲದಲ್ಲಿ ಎಲ್ಲ ಯಂತ್ರಕ್ಕೂ ಒಂದೇ ಅಂಕಿ.

ಸೂಜಿ ತೆಗೆದು, ಹತ್ತಿ ಒತ್ತಿ, ಹೊರಗೆ ಬರುತ್ತೇನೆ.
ಫೆಬ್ರವರಿ. ಕಬ್ಬಿನ ಲಾರಿಗಳು ಸಾಲಾಗಿ
ಬೂದಿ ಉದುರಿಸುತ್ತ ಹೋಗುತ್ತಿವೆ.
ಗೋಡೆಗೆ ಒರಗಿ, ಕಂಬಳಿ ಕಂಕುಳಲ್ಲಿ ಸಿಕ್ಕಿಸಿ
ನಿಲ್ಲುತ್ತೇನೆ ಬಿಸಿಲಿಗೆ, ಅದೇ ಹಳೆಯ ಮೇಸ್ತ್ರಿಯ ಮುಂದೆ.
ಅವನಿಗೆ ನನ್ನ ಗುರುತು ಇದ್ದಂತಿಲ್ಲ.
ಬಸ್ಸು ಬರುವವರೆಗೆ, ಐದೇ ನಿಮಿಷ,
ಬೆರಳ ತುದಿ ಬೆಚ್ಚಗಾಗುವಷ್ಟು.