ನುಐಮಿಯಾ, ಸಂಜೆ ಡೆಲಿವರಿ

ಮೊದಲು ಬ್ರೇಕು ಹಿಡಿದು ನೋಡು. ಹಿಂದಿನದು.
ಮುಂದಿನದನ್ನೇ ಒತ್ತಿದರೆ
ಸೈಕಲ್ಲಿಗಿಂತ ಮೊದಲು ನೀನು ಮುಟ್ಟುತ್ತೀ.

ಇಲ್ಲಿ ನಮ್ಮದು ಬಲಗಡೆ, ಉಮಾನಾಥ.
ತಲೆ ಒಪ್ಪುತ್ತದೆ, ಕಾಲೂ ಒಪ್ಪುತ್ತದೆ,
ಒಪ್ಪದ್ದು ಕತ್ತು.
ಇಪ್ಪತ್ತು ವರ್ಷ ಗಂಗೊಳ್ಳಿ ಬಸ್ಸು ಬಂದದ್ದು
ಬಲಭುಜದ ಹಿಂದಿನಿಂದ.
ಇಲ್ಲಿ ಬರುವುದೆಲ್ಲ ಎಡಭುಜದ ಹಿಂದೆ.
ಕತ್ತಿಗೆ ಕಲಿಸು ಮಾರಾಯ,
ಹಲ್ಲುಜ್ಜುವಾಗಲಾದರೂ.

ಬೆಲ್ಲು ಇದೆ. ಬಾರಿಸು ಬೇಕಾದರೆ,
ಬೆಕ್ಕುಗಳಿಗೆ.
ಏಸಿ ಕಾರಿನ ಗಾಜು ಇಳಿಯುವುದು
ಹಾರ್ನ್ ಹೊಡೆದು ಕರಕ್ ಚಾಯ್ ತರಿಸುವಾಗ ಮಾತ್ರ.
ಗಾಜು ಕಪ್ಪಗಿದ್ದರೆ ಮುಖ ಹುಡುಕಬೇಡ,
ಮುಂದಿನ ಚಕ್ರ ನೋಡು.
ಇಂಡಿಕೇಟರು ಮರೆಯಬಹುದು,
ಚಕ್ರ ಸುಳ್ಳು ಹೇಳುವುದಿಲ್ಲ.

ನಿಂತ ಕಾರಿನ ಪಕ್ಕ ಒಂದು ಬಾಗಿಲಿನಷ್ಟು ಜಾಗ ಬಿಡು,
ಒಳಗೆ ತಲೆ ಕಂಡರೆ ಒಂದೂವರೆ ಬಾಗಿಲು.
ಮೊಯ್ದಿನಬ್ಬ ಬಿಟ್ಟದ್ದು ಒಂದು ಗೇಣು.
ಈಗ ಉಳ್ಳಾಲದಲ್ಲಿ ಕೋಳಿ ಅಂಗಡಿ,
ನಾಳೆ ಮಳೆಯೋ ಇಲ್ಲವೋ
ಅವನ ಮಂಡಿ ಇವತ್ತೇ ಹೇಳುತ್ತದಂತೆ.
ವಾಯ್ಸ್ ಮೆಸೇಜಿನಲ್ಲಿ ನಾನು ಹೇಗಿದ್ದೇನೆ ಎಂದು ಕೇಳುವುದಿಲ್ಲ,
ಸೀಟಿನ ಸ್ಪ್ರಿಂಗು ಹೇಗಿದೆ ಎನ್ನುತ್ತಾನೆ.

ರೌಂಡಬೌಟಿನಲ್ಲಿ ಧೈರ್ಯ ಬೇಡ. ಇಳಿ. ತಳ್ಳು.
ತಳ್ಳಿದರೆ ಮರ್ಯಾದೆ ಹೋಗುವುದಿಲ್ಲ,
ನಮ್ಮನ್ನು ಇಲ್ಲಿ ಯಾರು ನೋಡುತ್ತಾರೆ?

ಅದೇ ಮಾತು. ಯಾರೂ ನೋಡುವುದಿಲ್ಲ.

ಹೋಗುವಾಗ ಚಿಂತೆಯಿಲ್ಲ.
ಹಿಂದಿನ ಕಂಬಿಗೆ ಇಸ್ತ್ರಿಯಾದ ಹನ್ನೆರಡು ಕಂದೂರ,
ಪ್ಲಾಸ್ಟಿಕ್ ಕವರಿನೊಳಗೂ ಅಷ್ಟು ಬಿಳಿ,
ಲ್ಯಾಂಡ್ ಕ್ರೂಸರಿನ ದೀಪ ಬಿದ್ದರೆ
ದೊಡ್ಡ ಮನೆತನವೊಂದು ಸೈಕಲ್ ಹತ್ತಿ ಹೊರಟ ಹಾಗೆ.
ಗಾಡಿಗಳು ಸರಿದು ದಾರಿ ಬಿಡುತ್ತವೆ.
ಬಟ್ಟೆಗೆ.

ಬರುವಾಗ ಬರಿಯ ಹ್ಯಾಂಗರುಗಳ ಕಿಣಿಕಿಣಿ,
ನೀನು, ನಿನ್ನ ಕಂದು ಅಂಗಿ,
ಕಡಲಿನ ಹಬೆ ಅಂಟಿದ ಒಂಬತ್ತು ಗಂಟೆಯ ಕತ್ತಲೆ.
ಅದಕ್ಕೇ ಈ ಹೊಳೆಯುವ ಪಟ್ಟಿ.
ಸಾರುವೆ ಕಟ್ಟುವ ತಮಿಳು ಹುಡುಗ
ತನ್ನ ಹರಿದ ಜಾಕೆಟ್ಟಿನಿಂದ ಕತ್ತರಿಸಿ ಕೊಟ್ಟದ್ದು.
ಬೆನ್ನಿಗೆ ನಾನೇ ಹೊಲಿದೆ, ಸೊಟ್ಟಗಾಗಿದೆ.
ಹನ್ನೊಂದು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದ ಕೈ,
ಸೂಜಿ ಮಾತು ಕೇಳುವುದಿಲ್ಲ.

ಹಾಕಿಕೋ. ತಿರುಗು.
ಅಲ್ಲೇ ನಿಲ್ಲು,
ನಾನು ರಸ್ತೆಯ ಆಚೆ ಹೋಗಿ
ಮೊಬೈಲಿನ ಟಾರ್ಚು ಬಿಡುತ್ತೇನೆ.

ಹಾಂ.
ಕಾಣಿಸುತ್ತೀ.