ಹದಿನೇಳನೇ ಸಾಲು

ಎಡಗಡೆಯ ಹಿಂದೀಪ ಬೇಕೆಂದು ಬಂದವಳು
ಕೌಂಟರಿನ ಮೇಲೆ ಕೈಗವಸು ಕಳಚಿಟ್ಟು
ಗಾಡಿಯ ಹೆಸರು ಹೇಳಿದಳು: ವೆಸ್ಪೆರಾ.
ನಾನು ನಕ್ಕೆ. ನಗಬಾರದಿತ್ತು.

ಈ ಲೊರೇನ್ ಊರಲ್ಲಿ, ಕೆರೆಯೆಂದು ಕರೆದರೂ
ಕಡಲಿನಷ್ಟು ಗಾಳಿ ಬೀಸುವ ಈರಿಯ ದಂಡೆಯಲ್ಲಿ
ಗುಜರಿ ಅಂಗಳ ಇಟ್ಟು ಇಪ್ಪತ್ತೆರಡು ಚಳಿಗಾಲ.
ಯಾವ ಟ್ರಕ್ಕಿನ ಯಾವ ಮೊಳೆ ಕೇಳಿ, ಕೊಡುತ್ತೇನೆ.
ವೆಸ್ಪೆರಾ ಮಾತ್ರ
ಸಾವಿಲ್ಲದ ಮನೆಯ ಸಾಸಿವೆ.

ಎರಡು ವರ್ಷ ಏಳು ತಿಂಗಳು,
ಅಷ್ಟೇ ತಯಾರಾದದ್ದು.
ನನ್ನ ಅಂಗಳದ ನಾಯಿ ಅದಕ್ಕಿಂತ ಹೆಚ್ಚು ಬಾಳಿತು.

ಏನಿರಲಿಲ್ಲ ಅದರಲ್ಲಿ!
ಬೆರಳು ತಾಕಿದರೆ ತಾನೇ ಸರಿಯುವ ಬಾಗಿಲು,
ಬೆನ್ನಿಗೆ ಬಿಸಿ, ತೊಡೆಗೆ ತಂಪು ಊದುವ ಸೀಟು,
ನೆಲದೊಳಗೆ ಮಡಚಿ ಮಾಯವಾಗುವ ಹಿಂದಿನ ಸಾಲು,
ಮರದಂತೆ ಕಾಣುವ, ಮರವಲ್ಲದ ಪಟ್ಟಿ,
ಮಕ್ಕಳಿಗೆಂದು ಸೂರಿನಿಂದ ಇಳಿಯುವ ಪುಟ್ಟ ಟೀವಿ.
ಜನ ಬಂದರು, ಬಾಗಿಲನ್ನು ಎರಡು ಸಲ ಸರಿಸಿ ನೋಡಿದರು,
ಆಹಾ ಎಂದರು,
ಆಮೇಲೆ, ಎಷ್ಟಾದರೂ ಮಿನಿವ್ಯಾನು ಎಂದುಕೊಂಡು
ಪಕ್ಕದ ಎತ್ತರದ ಗಾಡಿ ಹತ್ತಿ ಹೋದರು.

"ಸಂಜೆ ಅಂತ ಹೆಸರಿಟ್ಟರೆ ಇನ್ನೇನಾದೀತು" ಎಂದಳು ಅವಳು.
ಆಗ ಗೊತ್ತಾಯಿತು: ನೆರೇಯ್ದಾ ಕಿನ್ಯೋನೆಸ್,
ಮೊದಲ ಪಾಳಿ, ಒಂಬತ್ತನೇ ಠಾಣೆ,
ಬಾಗಿಲ ಒಳಮೈಗೆ ಚರ್ಮ ಹೊದಿಸುತ್ತಿದ್ದವಳು.
ಹೊಸದನ್ನು ಕೊಳ್ಳುವ ತಾಕತ್ತಿರಲಿಲ್ಲ.
ಹದಿನಾರು ವರ್ಷ ಕಾದು,
ಐದನೆಯ ಒಡತಿಯಾಗಿ,
ಸಾವಿರದ ಎಂಟುನೂರು ಡಾಲರಿಗೆ ತಂದಳಂತೆ.

ಹಿಮ ತುಳಿಯುತ್ತ ಹದಿನೇಳನೇ ಸಾಲಿಗೆ ನಡೆದೆವು.
ಜಿಂಕೆಗೆ ಮುಖ ಕೊಟ್ಟು ಸತ್ತ ವೆಸ್ಪೆರಾ ಒಂದಿತ್ತು ಅಲ್ಲಿ,
ಹಿಂಬದಿ ಮಾತ್ರ ಹೊಸ ಮದುಮಗಳ ಹಾಗೆ.
ದಾರಿಯುದ್ದಕ್ಕೂ ಮಾತು ಅವಳದೇ:

"ಕೊನೆಯದು ಬೆಳ್ಳಿ ಬಣ್ಣದ್ದು.
ಸೂರಿಗೆ ಬಟ್ಟೆ ಅಂಟಿಸುವ ಮೊದಲು
ತಗಡಿನ ಮೇಲೆ ಎಲ್ಲರೂ ಸಹಿ ಹಾಕಿದೆವು.
ಲಾಯೋಶ್ ಬೋಡ್ನಾರ್ ಒಂದು ಕೋಳಿ ಬಿಡಿಸಿದ,
ಯಾಕೆ ಎಂದು ಯಾರೂ ಕೇಳಲಿಲ್ಲ.
ಮೇಸ್ತ್ರಿ ಗಡಿಯಾರ ನೋಡಿ, ಊಟಕ್ಕೆ ಹೋಗಿ ಎಂದ.
ಉಂಡು ಬಂದರೆ
ಸಾಲು ನಿಂತಿತ್ತು.
ಆ ಸದ್ದಿಲ್ಲದ್ದು ಕಿವಿಗೆ ಬಡಿಯಿತು ನೋಡು,
ತುತ್ತು ಇನ್ನೂ ಗಂಟಲಲ್ಲೇ ಇತ್ತು."

ದೀಪ ಬಿಚ್ಚಲು ನಾನು ಸ್ಕ್ರೂ ಹುಡುಕುತ್ತಿದ್ದರೆ
ಅವಳು ಒಳಗೆ ತೂರಿ
ಬಾಗಿಲ ಹಲಗೆ ಕಿತ್ತು, ಹಿಂದೆ ಟಾರ್ಚು ಬಿಟ್ಟಳು.
ಚರ್ಮದ ಬೆನ್ನಲ್ಲಿ ಸೀಮೆಸುಣ್ಣದ ಗುರುತೊಂದು
ಇನ್ನೂ ಅಳಿಯದೆ ಕೂತಿತ್ತು.
ಅವಳ ಕಣ್ಣು ತುಂಬಬಹುದೆಂದು
ನಾನು ಅತ್ತ ಮುಖ ತಿರುಗಿಸಿದೆ.

"ಥೂ, ಇದು ಎರಡನೇ ಪಾಳಿಯವರದ್ದು!
ಹೊಲಿಗೆ ನೋಡು, ಕುಡುಕನ ಹೆಜ್ಜೆ.
ಸುಮ್ಮನೆ ನಿಂತಿತೇ ಕಂಪನಿ?"
ಎಂದು ಆ ಮುದುಕಿ
ತುಕ್ಕು ಹಿಡಿದ ಸಾಲುಗಳೆಲ್ಲ ತಿರುಗಿ ನೋಡುವಂತೆ ನಕ್ಕಳು.
ಆದರೂ ಬೆರಳು ಆ ಡೊಂಕು ದಾರದ ಮೇಲೆ
ಒಮ್ಮೆ, ಮತ್ತೊಮ್ಮೆ
ಓಡಾಡಿ ಬಂತು.

ನಲವತ್ತೆಂದೆ. ಇಪ್ಪತ್ತೈದೆಂದಳು. ಮೂವತ್ತಕ್ಕೆ ಇಳಿದೆ.
ಬಲಗಡೆಯದೂ ಇರಲಿ ಎಂದಳು.
ಅದು ಒಡೆದಿಲ್ಲವಲ್ಲ?
"ಒಡೆಯುತ್ತೆ."

ದೀಪ ಉರಿಯುತ್ತದೋ ನೋಡಲು
ಹಳೆಯ ಬ್ಯಾಟರಿ ತಂದು ತಂತಿ ಮುಟ್ಟಿಸಿದೆ.
ಕೆಂಪು ಬೆಳಕು ಹಿಮದ ಮೇಲೆ ಬಿತ್ತು.
ಜೊತೆಗೇ, ಮೂತಿಯಿಲ್ಲದ, ಎಂಜಿನ್ನಿಲ್ಲದ ಆ ಗಾಡಿ
ಎಲ್ಲಿಂದಲೋ ಉಸಿರು ತಂದು
ಮೆಲ್ಲಗೆ ಗಂಟೆ ಬಾರಿಸತೊಡಗಿತು:
ಬಾಗಿಲು ತೆರೆದಿದೆ, ಬಾಗಿಲು ತೆರೆದಿದೆ.

ತಂತಿ ಕೀಳಲು ಹೋದೆ.
"ತಡಿ" ಎಂದಳು, ಕೈಗವಸು ತೊಡುತ್ತ,
"ಅವಸರ ಯಾರಿಗಿದೆ ಈಗ."