ನಿನ್ನೆ ರಾತ್ರಿ ಇಲ್ಲಿ ಮಲಗಿದ್ದವರು

ಹೊಸೂರು ದಾಟಿ ಹನ್ನೆರಡು ಕಿಲೋಮೀಟರು, ಗುಂಡೇಪಳ್ಳಿ.
ಕೈಯಲ್ಲಿ ತಮಿಳು ಫಾರಂ, ನಾಲಿಗೆಯ ಮೇಲೆ ಕನ್ನಡ,
ಬಾಗಿಲು ತೆರೆದವರು ತೆಲುಗಿನಲ್ಲಿ ಯಾರೆಂದು ಕೇಳುತ್ತಾರೆ.
ಹಿಂದಿನ ಎಣಿಕೆಗೆ ಎಂಬತ್ತನಾಲ್ಕು ಮನೆ.
ಚೌಕಟ್ಟಿಗೆಲ್ಲ ನಂಬರು ಬರೆದು ಮಿಕ್ಕಿದ ಸೀಮೆಸುಣ್ಣವನ್ನು
ಶಾಲೆಗೆ ವಾಪಸು ತಂದಿದ್ದೆ.
ಈ ಸಲ ಮೂರನೇ ಡಬ್ಬಿ ಒಡೆದಿದ್ದೇನೆ.

ತಾಯಕ್ಕನ ರಾಗಿಹೊಲ ಕಂಪನಿಯ ಕಾಂಪೌಂಡಿನೊಳಗೆ ಹೋಯಿತು.
ಹೊರಗುಳಿದ ಪಟ್ಟಿಯಲ್ಲಿ ಹದಿನಾರು ರೂಮು, ಶೀಟಿನ ಸೂರು,
ಕೊನೆಯಲ್ಲಿ ಎರಡು ಕಕ್ಕಸು.
ಎಷ್ಟು ಜನ ಅಕ್ಕಾ?
"ಜನ ಯಾರಿಗೆ ಗೊತ್ತು ಟೀಚರಮ್ಮ, ಚಪ್ಪಲಿ ಎಣಿಸ್ಕೊಳ್ಳಿ, ಎರಡರಲ್ಲಿ ಭಾಗಿಸಿ."
ಅವಳ ಅತ್ತೆ ಒಂಬತ್ತು ಹೆತ್ತು ನಾಲ್ಕನ್ನು ಉಳಿಸಿಕೊಂಡವಳು.
ತಾಯಕ್ಕ ಮೂರು. ಮೂರೂ ಉಳಿದವು.
ಸೊಸೆ ಒಂದಕ್ಕೇ ಆಪರೇಷನ್ ಮಾಡಿಸಿಕೊಂಡು ಬಂದು
ಸ್ಕೂಲು ವ್ಯಾನಿನ ಫೀಸಿನ ಲೆಕ್ಕ ಹೇಳಿದಳಂತೆ.
ತೊಟ್ಟಿಲಿನ ಹಗ್ಗದ ಮೇಲೆ ಈಗ ಯೂನಿಫಾರ್ಮು ಒಣಗುತ್ತದೆ.
ಊರನ್ನು ಹೆರುತ್ತಿರುವುದು ಕಂಪನಿ ಬಸ್ಸು,
ದಿನಕ್ಕೆ ಮೂರು ಹೆರಿಗೆ: ಆರಕ್ಕೆ, ಎರಡಕ್ಕೆ, ರಾತ್ರಿ ಹತ್ತಕ್ಕೆ.

(ನನ್ನ ಕನ್ನಡ ಶಾಲೆಯ ಒಂದನೇ ತರಗತಿಯಲ್ಲಿ ಇಬ್ಬರು.
ಒಬ್ಬನಿಗೆ ಜ್ವರ ಬಂದರೆ ಅರ್ಧ ಕ್ಲಾಸು ರಜೆ.)

ಏಳನೇ ರೂಮು. ನಾಲ್ಕು ಮಂಚ, ಎಂಟು ಟ್ರಂಕು.
ಬಾಹಾಮಣಿ ಟುಡು ತುಟಿಗೆ ಬೆರಳಿಟ್ಟಳು:
ಅವಳ ಮಂಚದಲ್ಲೇ, ಮುಸುಕಿನೊಳಗೆ,
ರಾತ್ರಿ ಪಾಳಿ ಮುಗಿಸಿ ಬಂದ ಚಂಪಾ ಹಾಂಸ್ದಾ.
ಇಬ್ಬರಿಗೂ ಒಂದೇ ದಿಂಬು. ಅದು ಆರುವುದೇ ಇಲ್ಲ.
ಭಾನುವಾರ ಮಾತ್ರ ಒಬ್ಬಳು ಇನ್ನೊಬ್ಬಳ ಕಣ್ಣು ನೋಡುತ್ತಾಳೆ.
ಪಿಸುದನಿಯಲ್ಲಿ ಕೇಳಿದೆ: ನಿನ್ನೆ ರಾತ್ರಿ ಇಲ್ಲಿ ಮಲಗಿದ್ದವರು?
"ನಾನು."
ಮತ್ತೆ ಇವಳು?
"ಇವಳು ನಿನ್ನೆ ರಾತ್ರಿ ಎಲ್ಲೂ ಮಲಗಿಲ್ಲ."
ಸೂಪರ್‌ವೈಸರಿಗೆ ಫೋನು ಮಾಡಿದೆ. ಎಂಟು ಅಂದರು,
ತಡೀರಿ, ನಾಲ್ಕು ಅಂದರು,
ಆಮೇಲೆ ಸಿಗ್ನಲ್ ಹೋಯಿತು.

ಬಂದ ಕಾರಣ: ಕೆಲಸಕ್ಕೆ ಒಂದು, ಮದುವೆಗೆ ಎರಡು.
ಒಂದು ಅಂತ ಬರೆಯಲು ಪೆನ್ನು ಊರಿದ್ದೆ.
"ಕಲ್ಯಾಣಂ ವೇಂಡಾಂ," ಅಂದಳು, ಹೊಸದಾಗಿ ಕಲಿತ ತಮಿಳಿನಲ್ಲಿ.
ಮಯೂರ್‌ಭಂಜಿನ ಅಂಗಳದಲ್ಲಿ ಹುಡುಗನ ಕಡೆಯವರು ಕೂತಿರುವಾಗಲೇ
ಎರಡು ರಾತ್ರಿಯ ರೈಲು ಹತ್ತಿದಳಂತೆ.
ಅದಕ್ಕೆ ಫಾರಮಿನಲ್ಲಿ ನಂಬರಿಲ್ಲ.

ಹತ್ತೊಂಬತ್ತರಲ್ಲಿ ನಾನು ಅತ್ತಿಬೆಲೆ ದಾಟಿ ಈ ಕಡೆ ಬಂದದ್ದು ಎರಡನೇ ನಂಬರಿಗೆ.
ಗಡಿ ಇಷ್ಟು ಹತ್ತಿರ, ಬಸ್ಸಿಗೆ ಆಗ ಎರಡೂವರೆ ರೂಪಾಯಿ.
ಬೇಡ ಅನ್ನುವುದಕ್ಕೂ ಒಂದು ಬಸ್ಸು ಹೊರಡುತ್ತದೆ ಅಂತ
ಯಾರೂ ಹೇಳಿರಲಿಲ್ಲ.

ಮಾತೃಭಾಷೆ? "ಸಂತಾಲಿ."
ಕೇಳಿಸಿದ ಹಾಗೆ ಬರೆದದ್ದು ತಪ್ಪಾಯಿತೋ ಏನೋ,
ಸೀಮೆಸುಣ್ಣ ಇಸಕೊಂಡು ನೆಲದ ಮೇಲೆ
ತನ್ನ ಲಿಪಿಯಲ್ಲಿ ಬರೆದು ತೋರಿಸಿದಳು.
ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು
ಒಂದನ್ನೂ ಓದಲಾರದೆ ಕೂತೆ.
ಕೈಬರಹ ಮಾತ್ರ ದುಂಡಗಿತ್ತು.

ಎರಡರ ಬಸ್ಸು ಹಾರನ್ ಹಾಕಿತು.
ಹೊರಡುವಾಗ ಮಲಗಿದ್ದವಳ ಕಾಲಿನ ಮೇಲೆ ಹೊದಿಕೆ ಎಳೆದಳು.
ನಾನು ಎಂಟು ಅಂತಲೇ ಬರೆದೆ.
ಬೆಳಗಿನ ಪಾಳಿಯವರು ಇಳಿಯುತ್ತಿದ್ದರು,
ತಾಯಕ್ಕ ನೀರಿನ ಮೋಟಾರು ಹಾಕಲು ಓಡಿದಳು,
ಎಂಟನೇ ರೂಮಿನ ಚೌಕಟ್ಟು ಮುಟ್ಟುವಷ್ಟರಲ್ಲಿ ಸೀಮೆಸುಣ್ಣ
ಉಗುರಿನಷ್ಟು ಉಳಿದಿತ್ತು.